ಜುಟ್ಟಿನ ಮಲ್ಲಿಗೆ ಬಿಡಿಸುವ ಬಗೆ

ದುಡ್ಡಿಲ್ಲದ ಕಲಾವಿದರ ಮೇಲೆ ನಗೆಯ ಕಾಮಿಕ್ಸ್ ಮಾಡುವವರು ಮೊದಲು ಎರಡು ಹಳೆಯ ಚಿತ್ರ ನೋಡಬೇಕು. ಇಂಗ್ಲೆಂಡಿನ ವಿಲಿಯಂ ಹೊಗಾರ್ತ್ 1730ರ ದಶಕದಲ್ಲಿ ಒಬ್ಬ ಬಡ ಕವಿಯ ಚಿತ್ರ ಮಾಡಿದ. ಅಟ್ಟದ ಮೇಲಿನ ಇಕ್ಕಟ್ಟು ಕೋಣೆ. ಕವಿ ನಿಲುವಂಗಿ ಹೊದ್ದು ಮೇಜಿನ ಮುಂದೆ ಕೂತು ತಲೆ ಕೆರೆದುಕೊಳ್ಳುತ್ತಿದ್ದಾನೆ. ಹೆಂಡತಿ ಅವನ ಚಲ್ಲಣಕ್ಕೆ ತೇಪೆ ಹಾಕುತ್ತಿದ್ದಾಳೆ, ಅಂದರೆ ಅದು ಮುಗಿಯೋ ತನಕ ಆಸಾಮಿ ಬೀದಿಗೆ ಇಳಿಯುವಂತಿಲ್ಲ. ಹಾಲಿನವಳು ಬಾಕಿಯ ಗೀಟು ಕೊರೆದ ಲೆಕ್ಕದ ಕೋಲು ಹಿಡಿದು ಬಂದು ನಿಂತಿದ್ದಾಳೆ. ಬಾಗಿಲ ಬಳಿ ಒಂದು ನಾಯಿ ತಟ್ಟೆಯ ಮಾಂಸಕ್ಕೆ ಬಾಯಿ ಹಾಕಿದೆ. ತೆರೆದ ಗೂಡಿನಲ್ಲಿ ಏನೂ ಇಲ್ಲ. ಹಾಸಿಗೆಯಲ್ಲಿ ಮಗು ಅಳುತ್ತಿದೆ. ಇಷ್ಟೆಲ್ಲದರ ನಡುವೆ ನೆಲದ ಮೇಲೆ ಒಂದು ಕತ್ತಿ ಬಿದ್ದಿದೆ, ಆ ಕಾಲದಲ್ಲಿ ದೊಡ್ಡಮನುಷ್ಯರು ಅಂತ ತೋರಿಸಿಕೊಳ್ಳಲು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಂಥದು.

1737ರ ಅಚ್ಚಿನಲ್ಲಿ ಕವಿ ಬರೆಯುತ್ತಿದ್ದ ಪದ್ಯದ ತಲೆಬರಹ ‘ಬಡತನ’. ಕೆಲವು ವರ್ಷಗಳ ಮೇಲೆ ಹೊಗಾರ್ತ್ ಅದೇ ತಗಡನ್ನು ತಿದ್ದಿ ಮತ್ತೆ ಅಚ್ಚು ಹಾಕಿದಾಗ ತಲೆಬರಹ ‘ಸಿರಿತನ’ ಆಯಿತು, ಕವಿಯ ತಲೆಯ ಮೇಲಿನ ಗೋಡೆಗೆ ಪೆರು ದೇಶದ ಚಿನ್ನದ ಗಣಿಗಳ ಚಿತ್ರ ಬಂತು. ಕೋಣೆ ಅದೇ, ನಾಯಿ ಅದೇ, ಬಾಕಿ ಅದೇ. ಮೊದಲ ಅಚ್ಚಿನಲ್ಲಿ ಕವಿ ತನ್ನ ಪಾಡನ್ನೇ ಬರೆಯುತ್ತಿದ್ದ, ನೋಡುವವರು ಅಯ್ಯೋ ಅನ್ನಬಹುದಿತ್ತು. ಎರಡನೆಯದರಲ್ಲಿ ಅಯ್ಯೋ ಅನ್ನುವ ಮುಂಚೆ ನಗು ಬರುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದವನ ಜುಟ್ಟಿಗೆ ಹೊಗಾರ್ತ್ ಮಲ್ಲಿಗೆ ಮುಡಿಸಿದ್ದು ಆ ತಿದ್ದುಪಡಿಯಲ್ಲಿ.

ಪಕ್ಕದಲ್ಲಿ ಇಟ್ಟು ನೋಡಬೇಕಾದ ಇನ್ನೊಂದು ಚಿತ್ರ ಜರ್ಮನಿಯ ಕಾರ್ಲ್ ಸ್ಪಿಟ್ಸ್‌ವೆಗ್ 1839ರಲ್ಲಿ ಬರೆದ ಬಡ ಕವಿ. ಇದೂ ಅಟ್ಟದ ಕೋಣೆ. ಸೋರುವ ಸೂರಿಗೆ ಕೊಡೆ ಕಟ್ಟಿ ಕವಿ ಅದರ ಕೆಳಗೆ ಹಾಸಿಗೆಯಲ್ಲೇ ಕೂತಿದ್ದಾನೆ, ಬಾಯಲ್ಲಿ ಗರಿಯ ಲೇಖನಿ. ಒಲೆಯ ಹತ್ತಿರ ಅವನದೇ ಹಸ್ತಪ್ರತಿಗಳ ಕಟ್ಟು, ಉರುವಲಿಗೆ ಸಿದ್ಧ. ಸ್ಪಿಟ್ಸ್‌ವೆಗ್‌ನ ಕೈ ಮೆದು, ಆ ಕವಿಯ ಮೇಲೆ ಅವನಿಗೆ ಪ್ರೀತಿಯಿದೆ. ಆದರೂ ಕುಟುಕು ಬಿಟ್ಟಿಲ್ಲ: ಕಟ್ಟಿನ ಮೇಲೆ ಲ್ಯಾಟಿನ್‌ನಲ್ಲಿ ‘ನನ್ನ ಕೃತಿಗಳ ಮೂರನೆಯ ಸಂಪುಟ’ ಎಂಬ ಗತ್ತಿನ ಚೀಟಿ. ಮೊದಲೆರಡರ ಗತಿ ಏನಾಗಿರಬಹುದು ಅಂತ ಕೇಳುವ ಅಗತ್ಯವಿಲ್ಲ.

ಯುವ ಕಲಾವಿದರ ಅಸ್ತವ್ಯಸ್ತ ಬದುಕಿನ ಮೇಲೆ ಇವತ್ತು ಕಾಮಿಕ್ಸ್ ಮಾಡ ಹೊರಟವರು ಎಡವುವುದು ಇಲ್ಲೇ. ಹಿಟ್ಟಿಲ್ಲದ ಹೊಟ್ಟೆಯನ್ನಷ್ಟೇ ತೋರಿಸಿದರೆ ಕಥೆ ಗೋಳಾಗುತ್ತದೆ. ಮಲ್ಲಿಗೆಯನ್ನಷ್ಟೇ ತೋರಿಸಿದರೆ ಯಾರನ್ನೋ ಹೀಯಾಳಿಸಿದಂತಾಗುತ್ತದೆ. ಎರಡೂ ಒಂದೇ ಪ್ಯಾನೆಲ್ಲಿನಲ್ಲಿ, ಅಂದರೆ ಒಂದೇ ಚಿತ್ರದ ಚೌಕದಲ್ಲಿ, ಇರಬೇಕು, ಪಾತ್ರಕ್ಕೆ ಒಂದು ಮಾತ್ರ ಕಾಣಬೇಕು, ಓದುಗರಿಗೆ ಎರಡೂ ಕಾಣಬೇಕು. ಕಾಮಿಕ್ಸ್‌ಗೆ ಇದು ಸಲೀಸು, ಏಕೆಂದರೆ ಪಾತ್ರದ ಮಾತು ಬರೆಯುವ ಬಲೂನು ಒಂದು ಹೇಳುವಾಗ ಕೆಳಗಿನ ಚಿತ್ರ ಬೇರೆಯದನ್ನು ಹೇಳಬಹುದು. ಸಲೀಸು ಅಂದೆವಾದರೂ ಅದಕ್ಕೆ ತಯಾರಿ ಬಹಳ ಬೇಕು, ಮತ್ತು ಆ ತಯಾರಿ ಚಿತ್ರದಿಂದ ಶುರುವಾಗುವುದಿಲ್ಲ, ಲೆಕ್ಕದ ಪುಸ್ತಕದಿಂದ ಶುರುವಾಗುತ್ತದೆ.

ಎಂಟು ಪುಟದ ಒಂದು ಕಾಮಿಕ್ ಮಾಡುತ್ತಿದ್ದೇವೆ ಅಂದುಕೊಳ್ಳಿ. ಒಬ್ಬ ಹುಡುಗಿ, ಪೇಂಟರ್. ಒಂದು ರಾತ್ರಿಯ ಕಥೆ. ನಡುರಾತ್ರಿ ಹನ್ನೆರಡಕ್ಕೆ ರೆಸಿಡೆನ್ಸಿಯೊಂದರ, ಅಂದರೆ ಕಲಾವಿದರು ಕೆಲಕಾಲ ಉಳಿದು ಕೆಲಸ ಮಾಡಲು ಜಾಗ ಕೊಡುವ ಕಾರ್ಯಕ್ರಮದ, ಅರ್ಜಿಗೆ ಕೊನೆಯ ಗಡುವು. ನಾಳೆ ಬೆಳಗ್ಗೆ ಬಾಡಿಗೆಗೆ ಕೊನೆಯ ಗಡುವು. ಈಗ ಅವಳ ಬಾಡಿಗೆಯನ್ನು 100 ಅಂತ ಇಟ್ಟುಕೊಳ್ಳಿ. ಯಾವ ನಾಣ್ಯ ಅನ್ನುವುದು ಮುಖ್ಯವಲ್ಲ, ಅನುಪಾತ ಮುಖ್ಯ. ಕೈಯಲ್ಲಿ ಇರುವುದು 45. ಅರ್ಜಿ ಶುಲ್ಕ 15. ಎರಡು ತಿಂಗಳ ಹಿಂದೆ ಒಂದು ಚಿತ್ರ 120ಕ್ಕೆ ಮಾರಾಟವಾಗಿದೆ. ಗ್ಯಾಲರಿಗಳು ಅರ್ಧ ಕಮಿಷನ್ ಹಿಡಿದುಕೊಳ್ಳುವುದು ಸಾಮಾನ್ಯ, ಹಾಗಾಗಿ ಅವಳಿಗೆ ಬರಬೇಕಾದದ್ದು 60. ಅದು ಚೆಕ್ ರೂಪದಲ್ಲಿ ಬಂದಿದೆ, ಆದರೆ ಲಕೋಟೆ ಒಡೆದಿಲ್ಲ, ಯಾಕೆಂದರೆ ಅವಳು ಯಾವ ಲಕೋಟೆಯನ್ನೂ ಒಡೆಯುವುದಿಲ್ಲ. ಲಕೋಟೆ ಅಂದರೆ ಬಾಕಿ ಅನ್ನುವ ಭಯ.

ಲೆಕ್ಕ ನೋಡಿ. 45ಕ್ಕೆ 60 ಸೇರಿಸಿದರೆ 105. ಬಾಡಿಗೆ ಕಟ್ಟಿ 5 ಉಳಿಯುತ್ತದೆ. ಆದರೆ ಅರ್ಜಿ ಶುಲ್ಕ ಕಟ್ಟಿದ ಮರುಕ್ಷಣ ಕೈಯಲ್ಲಿ 30, ಚೆಕ್ ಸೇರಿಸಿದರೂ 90. ಅಲ್ಲಿಗೆ 10 ಕಮ್ಮಿ. ‘ಸಲ್ಲಿಸಿ’ ಅನ್ನುವ ಗುಂಡಿ ಒತ್ತುವ ತನಕ ಅವಳಿಗೆ ಒಂದು ದಾರಿ ಇತ್ತು, ಅವಳಿಗೆ ಗೊತ್ತಿರಲಿಲ್ಲ. ಒತ್ತಿದ ಮೇಲೆ ದಾರಿ ಇಲ್ಲ, ಅದೂ ಅವಳಿಗೆ ಗೊತ್ತಿಲ್ಲ. ಈ ನಾಲ್ಕು ಅಂಕಿ ಸಿಕ್ಕ ಮೇಲೆ ಅರ್ಧ ಕಥೆ ಸಿಕ್ಕಿದ ಹಾಗೆ. ಅಂಕಿ ಇಲ್ಲದೆ ‘ಪಾಪ, ದುಡ್ಡಿಲ್ಲ’ ಅಂತ ಶುರು ಮಾಡಿದವರು ಎರಡನೇ ಪುಟದಲ್ಲಿ ಊಟಕ್ಕಿಲ್ಲ ಅಂದು ಐದನೇ ಪುಟದಲ್ಲಿ ಹೊಸ ಶೂ ಹಾಕಿಸಿರುತ್ತಾರೆ. ಓದುಗರು ಬೇರೇನನ್ನಾದರೂ ಕ್ಷಮಿಸುತ್ತಾರೆ, ಇದನ್ನು ಕ್ಷಮಿಸುವುದಿಲ್ಲ, ಯಾಕೆಂದರೆ ಅವರಲ್ಲಿ ಬಹಳ ಜನಕ್ಕೆ ತಿಂಗಳ ಕೊನೆ ಗೊತ್ತು.

ಯಾರನ್ನು ಕುಟುಕಬೇಕು ಅನ್ನುವುದನ್ನೂ ಈ ಹಂತದಲ್ಲೇ ತೀರ್ಮಾನ ಮಾಡಿಕೊಳ್ಳಬೇಕು. ಬಡತನದ ಮೇಲಿನ ಜೋಕು ಬೇಗ ಹಳಸುತ್ತದೆ. ಈ ಲೋಕದಲ್ಲಿ ನಗೆಗೆ ಯೋಗ್ಯವಾದವು ಬೇರೆ ಇವೆ: ಅರ್ಜಿ ಹಾಕುವ ಬಡವರಿಂದಲೇ ಶುಲ್ಕ ವಸೂಲಿ ಮಾಡುವ ವ್ಯವಸ್ಥೆ, ‘ದುಡ್ಡು ಕೊಡಲಾಗಲ್ಲ, ಒಳ್ಳೆ ಪ್ರಚಾರ ಸಿಗುತ್ತೆ’ ಅನ್ನುವ ಗಿರಾಕಿ, ಯಾರಿಗೂ ಅರ್ಥವಾಗದ ಕ್ಯಾಟಲಾಗ್ ಭಾಷೆ, ಮತ್ತು ಇವೆಲ್ಲವನ್ನೂ ಬೈಯುತ್ತಲೇ ಇವಕ್ಕೆ ಜೋತುಬೀಳುವ ನಮ್ಮ ನಾಯಕಿ. ಇನ್ನೊಂದು ಮಾತು. ಪ್ರತಿಸ್ಪರ್ಧಿ ಪಾತ್ರವೊಂದು ಇದ್ದರೆ, ಅಂದರೆ ಅವಳಿಗಿಂತ ಮುಂದೆ ಹೋಗಿರುವ ಗೆಳೆಯನೋ ಗೆಳತಿಯೋ, ಆ ಪಾತ್ರದ ಬಾಯಲ್ಲಿ ಒಂದಾದರೂ ನಿಜ ಹೇಳಿಸಿ. ‘ನೀನು ಚಿತ್ರ ಮಾಡೋದಕ್ಕಿಂತ ಅರ್ಜಿ ತುಂಬೋದೇ ಜಾಸ್ತಿ ಆಯ್ತಲ್ಲೇ’ ಅಂತ ಅವನು ಹೇಳಿದರೆ ಅವನು ಬರೀ ಖಳನಾಗಿ ಉಳಿಯುವುದಿಲ್ಲ. ಪರಿಚಯದವರನ್ನು ಪಾತ್ರ ಮಾಡುವಾಗ ಕೂದಲು, ಕನ್ನಡಕ ಬದಲಿಸಿದರೆ ಸಾಲದು. ಕಸುಬು, ನಾಯಕಿಯ ಜೊತೆಗಿನ ನಂಟು, ಘಟನೆಯ ಕ್ರಮ ಮೂರೂ ಬದಲಾಗಬೇಕು. ಇಲ್ಲದಿದ್ದರೆ ಓದುವವರು ಕಥೆ ಬಿಟ್ಟು ‘ಇದು ಯಾರು’ ಅಂತ ಹುಡುಕಲು ಕೂರುತ್ತಾರೆ.

ಈಗ ಕೋಣೆ. ಪ್ಯಾನೆಲ್ ಗೀಚುವ ಮುಂಚೆ ಕೋಣೆಯನ್ನು ಮೇಲಿನಿಂದ ನೋಡಿದ ಹಾಗೆ ಒಂದು ನಕ್ಷೆ ಬರೆದಿಟ್ಟುಕೊಳ್ಳಿ: ಬಾಗಿಲು ಎಲ್ಲಿ, ಕಿಟಕಿ ಎಲ್ಲಿ, ಮೇಜು ಯಾವ ಗೋಡೆಗೆ, ಹಾಸಿಗೆ ಯಾವ ಮೂಲೆಗೆ, ದೀಪ ಎಲ್ಲಿಂದ. ಕ್ಯಾಮೆರಾ ನಿಲ್ಲುವ ಜಾಗ ಎರಡೋ ಮೂರೋ ಸಾಕು, ಅವನ್ನೂ ನಕ್ಷೆಯಲ್ಲಿ ಚುಕ್ಕೆ ಇಟ್ಟು ಗುರುತು ಮಾಡಿ. ನಕ್ಷೆ ಇಲ್ಲದೆ ಹೊರಟರೆ ಮೂರನೇ ಪುಟದ ಹೊತ್ತಿಗೆ ಕಿಟಕಿ ಎದುರು ಗೋಡೆಗೆ ಹೋಗಿರುತ್ತದೆ, ನೆರಳು ತಪ್ಪು ಕಡೆ ಬಿದ್ದಿರುತ್ತದೆ. ಅಸ್ತವ್ಯಸ್ತ ಕೋಣೆಯಲ್ಲಿ ಯಾರಿಗೆ ಗೊತ್ತಾಗುತ್ತೆ ಅನ್ನಬೇಡಿ. ಅಸ್ತವ್ಯಸ್ತ ಕೋಣೆಯಲ್ಲೇ ಚೆನ್ನಾಗಿ ಗೊತ್ತಾಗುವುದು, ಯಾಕೆಂದರೆ ಓದುಗರು ಅಲ್ಲಿ ವಸ್ತು ಹುಡುಕುತ್ತಾ ಕೂತಿರುತ್ತಾರೆ.

ಕೋಣೆಗೆ ಹನ್ನೆರಡು ವಸ್ತು ಆರಿಸಿಕೊಳ್ಳಿ. ಹೆಚ್ಚಾದರೆ ಎಂಟು ಪುಟದಲ್ಲಿ ಸಾಕಲಾಗುವುದಿಲ್ಲ. ಅದರಲ್ಲಿ ಕೆಲವು ಕೆಲಸದ ರಾಶಿ: ತಿರುಗಿಸಿ ಗೋಡೆಗೆ ಒರಗಿಸಿದ ಕ್ಯಾನ್ವಾಸ್, ಹಿಂಡಿ ಹಿಂಡಿ ಚಪ್ಪಟೆಯಾದ ಟ್ಯೂಬ್, ಕುಂಚ ತುಂಬಿದ ಡಬ್ಬ. ಕೆಲವು ದಿನಬಳಕೆಯ ರಾಶಿ: ಒಗೆಯದ ಬಟ್ಟೆ, ಒಂದೇ ಚಪ್ಪಲಿ. ಒಂದೆರಡು ಮುಚ್ಚಿಟ್ಟ ರಾಶಿ: ಲಕೋಟೆಗಳು. ಬಣ್ಣದ ನೀರನ್ನು ಟೀ ಅಂತ ಕುಡಿಯುವ ಜೋಕನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ, ಅದನ್ನು ಎಲ್ಲರೂ ಮಾಡಿ ಮುಗಿಸಿದ್ದಾರೆ. ಹನ್ನೆರಡರಲ್ಲಿ ಒಂದು ವಸ್ತು ಪುಟದಿಂದ ಪುಟಕ್ಕೆ ನಡೆಯಬೇಕು. ನಮ್ಮ ಕಥೆಯಲ್ಲಿ ಅದು ಲಕೋಟೆ. ಮೊದಲ ಪುಟದಲ್ಲಿ ಬಾಗಿಲ ಸಂದಿಯಲ್ಲಿ ಎರಡು. ಎರಡನೇ ಪುಟದಲ್ಲಿ ಮೇಜು ಅಲ್ಲಾಡುತ್ತದೆ, ಅವಳು ಒಂದನ್ನು ಎತ್ತಿ ಮಡಚಿ ಗಿಡ್ಡ ಕಾಲಿನ ಕೆಳಗೆ ತುರುಕುತ್ತಾಳೆ. ಆ ಲಕೋಟೆಯ ಮೂಲೆಯಲ್ಲಿ ಒಂದು ಕಪ್ಪು ತ್ರಿಕೋನದ ಮುದ್ರೆ ಇದೆ. ಅದೇ ತ್ರಿಕೋನ ಗೋಡೆಯ ಮೇಲಿನ ಗ್ಯಾಲರಿ ಪೋಸ್ಟರಿನಲ್ಲೂ ಇದೆ. ಯಾರೂ ಬಾಯಿ ಬಿಟ್ಟು ಏನೂ ಹೇಳುವುದಿಲ್ಲ.

ರಾಶಿಯನ್ನು ಬಿಡಿಸುವ ಕೆಲಸದಲ್ಲಿ ಬಹಳ ಜನ ಸೋಲುವುದು ಗೆರೆಯ ದಪ್ಪದಲ್ಲಿ. ಬಟ್ಟೆ, ಪುಸ್ತಕ, ಡಬ್ಬ, ಮುಖ ಎಲ್ಲವೂ 0.3 ಮಿ.ಮೀ. ಪೆನ್ನಿನಲ್ಲಿ ಒಂದೇ ಸಮ ಬಂದರೆ ಪುಟ ಬೂದು ಗದ್ದೆಯಾಗುತ್ತದೆ, ನಾಯಕಿ ಅದರಲ್ಲಿ ಮುಳುಗಿಹೋಗುತ್ತಾಳೆ. ಆಕೃತಿಯ ಹೊರಗೆರೆಗೆ 0.8 ಅಥವಾ ಬ್ರಷ್ ಪೆನ್, ಮೇಜು ಹಾಸಿಗೆಯಂಥ ದೊಡ್ಡ ಸಾಮಾನಿಗೆ 0.3, ಹಿಂದಿನ ರಾಶಿಗೆ 0.1 ಇಟ್ಟುಕೊಳ್ಳಿ. ಆಕೃತಿಯ ಸುತ್ತ ಒಂದೂವರೆ ಮಿ.ಮೀ.ನಷ್ಟು ಬಿಳಿ ಬಿಟ್ಟು, ಹಿಂದಿನ ಗೆರೆಗಳನ್ನು ಅಲ್ಲಿಗೇ ನಿಲ್ಲಿಸಿ. ರಾಶಿಯನ್ನು ಮೊದಲು ಒಂದು ದೊಡ್ಡ ಆಕಾರವಾಗಿ ಕಾಣಿ, ಗುಡ್ಡದ ಹಾಗೆ. ಅದರ ಅಂಚಿನಲ್ಲಿ ಮಾತ್ರ ಒಂದು ತೋಳು, ಒಂದು ಪುಸ್ತಕದ ಮೂಲೆ, ಒಂದು ಕುಂಚದ ತುದಿ ಹೊರಚಾಚಿರಲಿ. ನಡುವೆ ಖಾಲಿ ಬಿಡಿ. ಕಣ್ಣು ಅಂಚನ್ನು ನೋಡಿ ಒಳಗಿನದನ್ನು ತಾನೇ ತುಂಬಿಕೊಳ್ಳುತ್ತದೆ. ಪೂರಾ ಕೋಣೆಯನ್ನು ವಿವರವಾಗಿ ಪುಟಕ್ಕೆ ಒಂದು ಸಲ ತೋರಿಸಿದರೆ ಸಾಕು. ಉಳಿದ ಪ್ಯಾನೆಲ್‌ಗಳಿಗೆ ಎರಡು ಮೂರು ಗುರುತು ಸಾಕಾಗುತ್ತವೆ, ಕೆಲವಕ್ಕೆ ಬರೀ ಬಿಳಿ ಹಿನ್ನೆಲೆಯೇ ಚೆಂದ.

ಮುಖದ ವಿಷಯಕ್ಕೆ ಜಿನೀವಾದ ಶಾಲಾಮಾಸ್ತರ ರೊಡಾಲ್ಫ್ ತೋಪ್ಫರ್‌ನನ್ನು ನೆನೆಯಬೇಕು. 1820ರ ದಶಕದಿಂದಲೇ ಚೌಕ ಚೌಕವಾಗಿ ಚಿತ್ರಕಥೆ ಬರೆಯುತ್ತಿದ್ದ ಈತ 1845ರಲ್ಲಿ ಮುಖಚರ್ಯೆಯ ಬಗ್ಗೆ ಒಂದು ಪ್ರಬಂಧ ಬರೆದ. ಎಷ್ಟು ಕೆಟ್ಟದಾಗಿ ಗೀಚಿದರೂ ಮುಖ ಅಂದಮೇಲೆ ಅದಕ್ಕೊಂದು ಭಾವ ಬಂದೇ ಬರುತ್ತದೆ ಅನ್ನುವುದು ಅವನ ವಾದ. ಹಾಗಾಗಿ ನಾಯಕಿಯ ಮುಖವನ್ನು ಇಪ್ಪತ್ತು ಸಲ ಗೀಚಿ, ಪ್ರತಿ ಸಲ ಒಂದನ್ನು ಮಾತ್ರ ಬದಲಿಸಿ: ಹುಬ್ಬಿನ ಓರೆ, ಕಣ್ಣಿಗೂ ಹುಬ್ಬಿಗೂ ಇರುವ ಅಂತರ, ಬಾಯಿಯ ಉದ್ದ. ಮೂರು ಮುಖ ಆರಿಸಿಕೊಳ್ಳಿ: ಸುಳ್ಳು ಹೇಳುವಾಗಿನದು, ಸಿಕ್ಕಿಬಿದ್ದಾಗಿನದು, ಯಾರೂ ನೋಡದಿದ್ದಾಗಿನದು. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಅದಿಲ್ಲದಿದ್ದರೆ ಪಾತ್ರ ಬೊಂಬೆ.

ನಾಲ್ಕನೇ ಪುಟವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅರ್ಜಿಯ ಜೊತೆ ಕಲಾವಿದೆಯ ಹೇಳಿಕೆ ಬೇಕು. ಆರ್ಟಿಸ್ಟ್ ಸ್ಟೇಟ್‌ಮೆಂಟ್ ಅಂತಾರಲ್ಲ, ಅದು. ಪುಟದಲ್ಲಿ ನಾಲ್ಕು ಪ್ಯಾನೆಲ್, ನಾಲ್ಕರಲ್ಲೂ ಅದೇ ಕೋನ: ಲ್ಯಾಪ್‌ಟಾಪಿನ ಮುಂದೆ ಅವಳು, ಕೆಳಗೆ ಲಕೋಟೆಯ ಆಸರೆಯಲ್ಲಿ ನಿಂತ ಮೇಜು. ಮೇಲೆ ಅವಳು ಟೈಪ್ ಮಾಡುತ್ತಿರುವ ವಾಕ್ಯ.

ಮೊದಲನೆಯದು: ‘ನಾನು ನನ್ನ ರೂಮಿನ ಚಿತ್ರ ಬರೀತೀನಿ. ಬೇರೆ ಕಡೆ ಹೋಗೋಕೆ ದುಡ್ಡಿಲ್ಲ.’

ಎರಡನೆಯದು: ‘ಕೋಣೆಯೇ ನನ್ನ ಚಿತ್ರಗಳ ವಸ್ತು.’

ಮೂರನೆಯದು: ‘ಒಳಾಂಗಣ ಎಂಬ ಪರಿಕಲ್ಪನೆಯನ್ನು ನನ್ನ ಕೃತಿಗಳು ಪ್ರಶ್ನಿಸುತ್ತವೆ.’

ನಾಲ್ಕನೆಯದು: ‘ಸ್ಥಾವರತೆಯ ರಾಜಕಾರಣದೊಳಗೆ ದೇಹದ ಅನುಪಸ್ಥಿತಿಯನ್ನು ನನ್ನ ಕಲಾಭ್ಯಾಸವು ಅನುಸಂಧಾನಗೊಳಿಸುತ್ತದೆ.’ ಇದರ ಮೇಲೆ ಅಡ್ಡಲಾಗಿ ಬಾಗಿಲಿನ ‘ಟಕ್ ಟಕ್ ಟಕ್’. ಅವಳ ಬಾಯಿಂದ ಸಣ್ಣ ಬಲೂನು: ‘ಆಂಟಿ, ನಾಳೆ ಬೆಳಗ್ಗೆ ಕೊಟ್ಟೇಬಿಡ್ತೀನಿ. ಪ್ರಾಮಿಸ್.’

ಕನ್ನಡದಲ್ಲಿ ಕಾಮಿಕ್ಸ್ ಮಾಡುವವರಿಗೆ ಭಾಷೆಯೇ ಕೊಟ್ಟಿರುವ ಒಂದು ಸೌಲಭ್ಯ ಇದು. ನಮ್ಮ ಬರಹದ ಭಾಷೆಗೂ ಆಡುಮಾತಿಗೂ ಇರುವ ಅಂತರ ದೊಡ್ಡದು. ‘ಕೊಡುತ್ತೇನೆ’ ಅನ್ನುವವಳಿಗೂ ‘ಕೊಡ್ತೀನಿ’ ಅನ್ನುವವಳಿಗೂ ನಡುವೆ ಒಂದು ವೇಷ ಇದೆ. ನಾಯಕಿ ತನ್ನ ಬಗ್ಗೆ ಸುಳ್ಳು ಹೇಳುವಾಗಲೆಲ್ಲ ಗ್ರಂಥಸ್ಥ ಭಾಷೆ, ನಿಜ ಬಾಯಿಗೆ ಬಂದಾಗ ಆಡುಮಾತು ಅಂತ ನಿಯಮ ಮಾಡಿಕೊಂಡು ಎಂಟೂ ಪುಟ ಅದನ್ನು ಪಾಲಿಸಿ. ಓದುಗರು ಎರಡನೇ ಪುಟದಲ್ಲೇ ಅದನ್ನು ಹಿಡಿಯುತ್ತಾರೆ. ಎಲ್ಲ ಪಾತ್ರಗಳೂ ‘ಹೋಗುತ್ತಿದ್ದೇನೆ, ಬರುತ್ತಿದ್ದೇನೆ’ ಅಂತ ಮಾತಾಡುವ ಕಾಮಿಕ್ಸ್‌ನಲ್ಲಿ ಈ ಆಯುಧ ಕಳೆದುಹೋಗಿರುತ್ತದೆ.

ಹೇಳಿಕೆಯ ಭಾಷೆಯನ್ನು ಅತಿ ಮಾಡಬೇಡಿ ಅನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು. ನಿಜವಾದ ಹೇಳಿಕೆಗಳು ಹೀಗೇ ಇರುತ್ತವೆ: ಎರಡು ಮೂರು ಅಮೂರ್ತ ನಾಮಪದ, ಒಂದು ‘ಒಳಗೆ’ ಅಥವಾ ‘ನಡುವೆ’, ಕೊನೆಗೆ ಭಾರವಾದ ಕ್ರಿಯಾಪದ. ಅದರ ಮೇಲೆ ಇನ್ನಷ್ಟು ಹೇರಿದರೆ ಓದುವವರು ‘ಹೀಗೆ ಯಾರೂ ಬರೆಯಲ್ಲ’ ಅಂದುಬಿಡುತ್ತಾರೆ. ನಗು ಬರುವುದು ಮೊದಲ ವಾಕ್ಯದಿಂದ ನಾಲ್ಕನೆಯದಕ್ಕೆ ಹತ್ತಿದ ಮೆಟ್ಟಿಲುಗಳಿಂದ, ಮತ್ತು ನಾಲ್ಕೂ ಒಂದೇ ಸತ್ಯದ ಬೇರೆ ಬೇರೆ ಉಡುಪು ಎಂಬುದರಿಂದ.

ಈ ನಾಲ್ಕು ಪ್ಯಾನೆಲ್‌ಗಳಲ್ಲಿ ಅಕ್ಷರದ ಜಾಗವೂ ಜೋಕಿನ ಭಾಗ. ಮೊದಲನೆಯದರಲ್ಲಿ ಬರಹ ಪ್ಯಾನೆಲ್ಲಿನ ಐದನೇ ಒಂದು ಭಾಗ ಹಿಡಿಯಲಿ, ಕೊನೆಯದರಲ್ಲಿ ಅರ್ಧ. ವಾಕ್ಯ ಊದಿದಷ್ಟೂ ಅವಳ ತಲೆ ಕೆಳಕ್ಕೆ ಹೋಗಿ ಮೂಗು ಕೀಬೋರ್ಡಿಗೆ ತಾಗುವಂತಿರಬೇಕು. ಇದಕ್ಕಾಗಿಯೇ ಅಕ್ಷರ ಮೊದಲು, ಬಲೂನು ಆಮೇಲೆ, ಚಿತ್ರ ಕೊನೆಗೆ ಅನ್ನುವುದು. ಚಿತ್ರ ಮುಗಿಸಿ ಉಳಿದ ಸಂದಿಯಲ್ಲಿ ಮಾತು ತುರುಕಿದರೆ ಕನ್ನಡ ಖಂಡಿತ ಕೈಕೊಡುತ್ತದೆ.

ಯಾಕೆಂದರೆ ನಮ್ಮ ಲಿಪಿಗೆ ಮೇಲೂ ಕೆಳಗೂ ಜಾಗ ಬೇಕು. ಇಂಗ್ಲಿಷ್ ಕಾಮಿಕ್ಸ್ ಬಹುಪಾಲು ಬರೀ ದೊಡ್ಡಕ್ಷರಗಳಲ್ಲಿ ಇರುತ್ತದೆ, ಎಲ್ಲವೂ ಒಂದೇ ಎತ್ತರ, ಸಾಲುಗಳನ್ನು ಅಂಟಿಸಿ ಇಡಬಹುದು. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಕ್ಕೆ ಇಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು, ಏತ್ವ ಮೇಲಕ್ಕೆ ಏರುತ್ತವೆ, ಎರಡೂ ಢಿಕ್ಕಿ ಹೊಡೆಯುತ್ತವೆ. ಸಾಲಿನ ಅಂತರ ಅಕ್ಷರದ ಅಳತೆಯ ಒಂದೂವರೆ ಪಟ್ಟಿಗಿಂತ ಕಮ್ಮಿ ಇಡಬೇಡಿ. ಪದಗಳೂ ಉದ್ದ. ‘ಅನುಸಂಧಾನಗೊಳಿಸುತ್ತದೆ’ ಒಂದೇ ಪದ ಒಂದು ಸಾಲು ತಿನ್ನುತ್ತದೆ. ಆದ್ದರಿಂದ ಎತ್ತರದ ಮೊಟ್ಟೆಯಾಕಾರದ ಬಲೂನಿಗಿಂತ ಅಗಲದ ಬಲೂನು, ಮೂಲೆ ಉರುಟಾದ ಆಯತ ನಮಗೆ ಹೊಂದುತ್ತದೆ. ಪದ ಒಡೆಯಲೇಬೇಕಾದರೆ ಪ್ರತ್ಯಯದ ಹತ್ತಿರ ಒಡೆಯಿರಿ. ಅಕ್ಷರವನ್ನು ಅದರ ಒತ್ತಿನಿಂದ ಎಂದೂ ಬೇರೆ ಮಾಡಬೇಡಿ. ಒತ್ತಿ ಹೇಳಬೇಕಾದ ಪದಕ್ಕೆ ದೊಡ್ಡಕ್ಷರ ಎಂಬುದು ನಮ್ಮಲ್ಲಿಲ್ಲ, ಅದೇ ಫಾಂಟಿನ ದಪ್ಪ ರೂಪ ಬಳಸಿ. ಅಕ್ಷರವನ್ನು ಬಲವಂತವಾಗಿ ಓರೆ ಮಾಡಿದರೆ ಕನ್ನಡ ಜಾರಿ ಬಿದ್ದ ಹಾಗೆ ಕಾಣುತ್ತದೆ. ಒಂದು ಬಲೂನಿಗೆ ಹತ್ತು ಹನ್ನೆರಡು ಪದ ಮೀರಿದರೆ ಎರಡು ಬಲೂನು ಮಾಡುವುದು ಮೇಲು.

ಕಂಪ್ಯೂಟರಿನಲ್ಲಿ ಅಕ್ಷರ ಕೂರಿಸುವವರಿಗೆ ಇನ್ನೊಂದು ಕಾಟ ಇದೆ. ಚಿತ್ರ ಬಿಡಿಸುವ ಹಲವು ತಂತ್ರಾಂಶಗಳಿಗೆ ಕನ್ನಡ ಜೋಡಿಸಲು ಬರುವುದಿಲ್ಲ. ‘ಕ್ಷ’ ಒಡೆದು ಕ, ಅರ್ಧಚಿಹ್ನೆ, ಷ ಅಂತ ಸಾಲಾಗಿ ನಿಲ್ಲುತ್ತವೆ, ಒತ್ತುಗಳು ಪಕ್ಕಕ್ಕೆ ಬೀಳುತ್ತವೆ. ಫೋಟೋಶಾಪ್‌ನಲ್ಲಾದರೆ ಪಠ್ಯದ ಆದ್ಯತೆಗಳಲ್ಲಿ ದಕ್ಷಿಣ ಏಷ್ಯಾದ ಭಾಷೆಗಳನ್ನು ಒಳಗೊಂಡ ಆಯ್ಕೆಗೆ, ಹೊಸ ಆವೃತ್ತಿಗಳಲ್ಲಿ ‘ವರ್ಲ್ಡ್ ರೆಡಿ’ ಅನ್ನುವುದಕ್ಕೆ, ಬದಲಿಸಿದರೆ ಸರಿಹೋಗುತ್ತದೆ. ಇಂಕ್‌ಸ್ಕೇಪ್ ಉಚಿತ, ಅದರಲ್ಲಿ ಯುನಿಕೋಡ್ ಕನ್ನಡ ಸರಿಯಾಗಿ ಜೋಡಣೆಯಾಗುತ್ತದೆ. ಅಲ್ಲಿ ಬಲೂನು ಸಿದ್ಧಪಡಿಸಿ, ಅಕ್ಷರಗಳನ್ನು ಪಾತ್ ಆಗಿ, ಅಂದರೆ ಬರೀ ಗೆರೆಯ ಆಕಾರವಾಗಿ, ಬದಲಿಸಿ ತಂದುಕೊಳ್ಳಬಹುದು. ಪಾತ್ ಆದಮೇಲೆ ಕಾಗುಣಿತ ತಿದ್ದಲಾಗುವುದಿಲ್ಲ, ಹಾಗಾಗಿ ತಿದ್ದಲು ಬರುವ ಒಂದು ಪ್ರತಿಯನ್ನು ಉಳಿಸಿಕೊಳ್ಳಿ. ಹಳೆಯ ಯುನಿಕೋಡ್ ಅಲ್ಲದ ಫಾಂಟುಗಳಲ್ಲಿ ಟೈಪ್ ಮಾಡಿದ ಸಂಭಾಷಣೆ ಬೇರೆ ಯಂತ್ರದಲ್ಲಿ ತೆರೆದಾಗ ಅಡ್ಡಾದಿಡ್ಡಿ ಚಿಹ್ನೆಗಳ ಸಾಲಾಗುತ್ತದೆ. ಯುನಿಕೋಡ್ ಫಾಂಟುಗಳ ಪೈಕಿ ‘ನೋಟೋ ಸಾನ್ಸ್ ಕನ್ನಡ’ದಲ್ಲಿ ದಪ್ಪದ ಹಲವು ಮೆಟ್ಟಿಲುಗಳಿವೆ, ‘ಬಾಲೂ ತಮ್ಮ’ ಎಂಬುದು ಉರುಟಾಗಿದ್ದು ಶೀರ್ಷಿಕೆಗೆ ಒಪ್ಪುತ್ತದೆ. ಕೈಬರಹ ಚೆನ್ನಾಗಿದ್ದರೆ ಇವೆಲ್ಲ ತಲೆನೋವೇ ಬೇಡ.

ಸದ್ದುಗಳನ್ನಂತೂ ಕೈಯಲ್ಲೇ ಬರೆಯಿರಿ. ವ್ಯಾಕರಣದವರು ಅನುಕರಣಾವ್ಯಯ ಅನ್ನುವ ಪದಗಳು ನಮ್ಮಲ್ಲಿ ರಾಶಿ ಬಿದ್ದಿವೆ: ದಡದಡ, ಪಟಪಟ, ಚುರುಚುರು, ಗೊರಗೊರ, ಸರಸರ. ‘ಕ್ರ್ಯಾಶ್, ಬೂಮ್’ ಎರವಲು ತರುವ ದರ್ದು ಏನಿದೆ?

ಪುಟದ ಲೆಕ್ಕ ಇನ್ನು. ಎ5 ಅಳತೆಯ ಎಂಟು ಪುಟ ಅಂದರೆ ಎರಡು ಎ4 ಹಾಳೆ, ಎರಡೂ ಬದಿ ಅಚ್ಚು, ನಡುವೆ ಮಡಚಿ ಪಿನ್ನು. ಹೀಗೆ ಮಡಚುವ ಪುಸ್ತಕದ ಪುಟಗಳು ಯಾವಾಗಲೂ ನಾಲ್ಕರ ಗುಣಕದಲ್ಲೇ ಇರಬೇಕು. ಒಂಬತ್ತನೇ ಪುಟ ಬೇಕಾದರೆ ಹನ್ನೆರಡು ಮಾಡಿ, ಇಲ್ಲವೇ ಕಥೆ ಕತ್ತರಿಸಿ. ಹೊರ ಹಾಳೆಯ ಒಂದು ಬದಿಗೆ 8 ಮತ್ತು 1, ಇನ್ನೊಂದು ಬದಿಗೆ 2 ಮತ್ತು 7. ಒಳ ಹಾಳೆಗೆ 6 ಮತ್ತು 3, ಅದರ ಹಿಂದೆ 4 ಮತ್ತು 5. ಗೀಚುವ ಮುಂಚೆ ಖಾಲಿ ಕಾಗದ ಮಡಚಿ ಈ ಸಂಖ್ಯೆ ಬರೆದು ಒಂದು ಡಮ್ಮಿ ಮಾಡಿಕೊಳ್ಳದಿದ್ದರೆ ಒಂದಲ್ಲ ಒಂದು ಪುಟ ತಲೆಕೆಳಗಾಗುತ್ತದೆ. ಡಮ್ಮಿಯಿಂದ ಇನ್ನೊಂದು ಉಪಯೋಗ: ಬೆಸ ಸಂಖ್ಯೆಯ ಪುಟ ಬಲಗಡೆ ಬರುತ್ತದೆ, ಅದರ ಕೊನೆಯ ಪ್ಯಾನೆಲ್ ಓದಿದ ಮೇಲೆ ಹಾಳೆ ತಿರುವಬೇಕು. ಕುತೂಹಲ ಅಲ್ಲಿರಲಿ, ಅದರ ಉತ್ತರ ತಿರುವಿದ ಮೇಲೆ ಸಿಗುವ ಸಮ ಸಂಖ್ಯೆಯ ಪುಟದ ಮೊದಲಲ್ಲಿರಲಿ. ಅದಲುಬದಲಾದರೆ ಓದುಗರ ಕಣ್ಣು ಎದುರು ಪುಟದಲ್ಲಿ ಮೊದಲೇ ಉತ್ತರ ನೋಡಿಬಿಡುತ್ತದೆ.

ಮೂಲ ಚಿತ್ರವನ್ನು ಎ4ನಲ್ಲಿ ಬರೆದು ಎ5ಗೆ ಇಳಿಸುವುದು ಅನುಕೂಲ. ಅದು ಶೇ. 71ಕ್ಕೆ ಇಳಿಕೆ. ಕೈಯ ನಡುಕ ಅಡಗುತ್ತದೆ, ಗೆರೆ ಬಿಗಿಯಾಗುತ್ತದೆ. ಆದರೆ 0.1 ಪೆನ್ನಿನ ಗೆರೆ 0.07 ಆಗಿ ಜೆರಾಕ್ಸಿನಲ್ಲಿ ಮಾಯವಾಗಬಹುದು, ಹಾಗಾಗಿ ಒಂದು ಪುಟ ಮೊದಲು ಇಳಿಸಿ ತೆಗೆದು ನೋಡಿ. ಗೆರೆ ಕಳೆದುಹೋದರೆ ಹಿನ್ನೆಲೆಗೆ 0.2 ಬಳಸಿ. ಪ್ಯಾನೆಲ್‌ಗಳ ನಡುವಿನ ಸಂದಿ, ಗಟರ್, ಪಕ್ಕಪಕ್ಕದ ಪ್ಯಾನೆಲ್‌ಗಳಿಗೆ 4 ಮಿ.ಮೀ. ಇದ್ದರೆ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಡುವೆ 7 ಇರಲಿ. ಎರಡೂ ಒಂದೇ ಆದರೆ ಓದುಗರು ಪಕ್ಕಕ್ಕೆ ಹೋಗುವ ಬದಲು ಕೆಳಕ್ಕೆ ಜಾರುತ್ತಾರೆ, ಜೋಕಿನ ಕ್ರಮ ಕೆಡುತ್ತದೆ.

ಶಾಯಿ ಒಣಗುವ ಮುಂಚೆ ಪೆನ್ಸಿಲ್ ಅಳಿಸಲು ಹೋಗಿ ಪುಟ ಮಸಿ ಮಾಡಿಕೊಳ್ಳದವರಿಲ್ಲ. ಅರ್ಧ ಗಂಟೆ ಬಿಡಿ, ದಟ್ಟ ಕಪ್ಪು ತುಂಬಿದ ಕಡೆ ಇನ್ನೂ ಹೆಚ್ಚು. ಸ್ಕ್ಯಾನ್ 600 ಡಿಪಿಐ (ಇಂಚಿಗೆ 600 ಚುಕ್ಕೆ) ಬೂದು ಮೋಡಿನಲ್ಲಿ; ಬೂದು ಬಣ್ಣವೇ ಇಲ್ಲದ ಶುದ್ಧ ಕಪ್ಪು ಬಿಳುಪು ಕಡತವಾದರೆ 1200. ಬೂದು ತುಂಬುವುದಿದ್ದರೆ ಶೇ. 20ರಿಂದ 70ರ ಒಳಗೆ ಎರಡೋ ಮೂರೋ ಮಟ್ಟ ಸಾಕು. ಅದಕ್ಕಿಂತ ತಿಳಿ ಆದರೆ ಅಚ್ಚಿನಲ್ಲಿ ಹಾರಿಹೋಗುತ್ತದೆ, ಗಾಢವಾದರೆ ಕಪ್ಪಿನ ಜೊತೆ ಕಲೆತುಹೋಗುತ್ತದೆ. ಚುಕ್ಕೆ ಚುಕ್ಕೆಯ ಟೋನ್ ಹಾಕುವವರು ಕೊನೆಯ ಅಳತೆಗೆ ಇಳಿಸಿದ ಮೇಲೆಯೇ ಹಾಕಬೇಕು, ಹಾಕಿ ಇಳಿಸಿದರೆ ಅಲೆ ಅಲೆಯಾಗಿ ಕಾಣುತ್ತದೆ. ಅಂಚಿನ ತನಕ ಚಿತ್ರ ಹೋಗುವುದಿದ್ದರೆ ಕತ್ತರಿಸುವ ಗೆರೆಯ ಆಚೆಗೂ 3 ಮಿ.ಮೀ. ಚಿತ್ರ ಚಾಚಿರಲಿ, ಮಾತುಗಳನ್ನು ಅಂಚಿನಿಂದ ಕನಿಷ್ಠ 5 ಮಿ.ಮೀ. ಒಳಗಿಡಿ. ಬಣ್ಣದ ಪುಟದಲ್ಲಿ ಗೆರೆ ಬರೀ ಕಪ್ಪು ಶಾಯಿಯಲ್ಲೇ ಇರಲಿ. ನಾಲ್ಕು ಶಾಯಿ ಬೆರೆಸಿದ ಕಪ್ಪಾದರೆ ಅಚ್ಚು ಕೂದಲೆಳೆಯಷ್ಟು ಸರಿದರೂ ಪ್ರತಿ ಗೆರೆಗೂ ಬಣ್ಣದ ನೆರಳು ಬರುತ್ತದೆ.

ಮೊಬೈಲಿಗೆ ಹಾಕುವಾಗ ಇದೇ ಪುಟವನ್ನು ಇಡಿಯಾಗಿ ಹಾಕಬೇಡಿ. ಪ್ಯಾನೆಲ್ ಬಿಡಿಸಿ ಒಂದರ ಕೆಳಗೊಂದು ಜೋಡಿಸಿ. ಅಲ್ಲಿ ಹಾಳೆ ತಿರುವುವುದಿಲ್ಲ, ಬಿಳಿ ಜಾಗವೇ ಕಾಲ. ಬಾಗಿಲು ಬಡಿದ ಮೇಲೆ ಅವಳು ಉಸಿರು ಬಿಗಿಹಿಡಿದು ಕೂರುವ ಹೊತ್ತಿಗೆ ಅರ್ಧ ಪರದೆ ಖಾಲಿ ಬಿಟ್ಟರೆ ಅಷ್ಟೇ ಸಾಕು.

ಉಳಿದದ್ದು ಎಂಟನೇ ಪುಟ, ಪುಸ್ತಕದ ಹಿಂಬದಿ. ಇಲ್ಲಿ ಅವಳನ್ನು ಪಾರು ಮಾಡುವ ಆಸೆ ಬರುತ್ತದೆ: ರೆಸಿಡೆನ್ಸಿ ಸಿಕ್ಕಿತು, ಚೆಕ್ ಸಿಕ್ಕಿತು. ಎರಡೂ ಬೇಡ. ಆರನೇ ಪುಟದಲ್ಲಿ ಅವಳು ಶುಲ್ಕ ಕಟ್ಟಿದ್ದಾಳೆ, ಪರದೆಯಲ್ಲಿ ‘ಉಳಿಕೆ 30’ ಅಂತ ಕಂಡಿದೆ. ಏಳನೇ ಪುಟದಲ್ಲಿ ಉತ್ತರದ ಮಿಂಚಂಚೆ ಬಂದಿದೆ: ‘ನಿಮ್ಮ ಅರ್ಜಿ ತಲುಪಿದೆ. ಫಲಿತಾಂಶ ಆರು ತಿಂಗಳಲ್ಲಿ.’ ಎಂಟರಲ್ಲಿ ಒಂದೇ ಪ್ಯಾನೆಲ್, ಇಡೀ ಕೋಣೆ, ಬೆಳಗಾಗಿದೆ. ಅವಳು ಕುರ್ಚಿಯಲ್ಲೇ ನಿದ್ದೆ ಹೋಗಿದ್ದಾಳೆ, ಮೂರನೆಯ ಮುಖ, ಯಾರೂ ನೋಡದಿದ್ದಾಗಿನದು. ಬಾಗಿಲ ಸಂದಿಯ ಬೆಳಕಿನಲ್ಲಿ ಎರಡು ಪಾದದ ನೆರಳು. ಬಾಗಿಲ ಬಡಿತಕ್ಕೋ ಏನೋ ಮೇಜು ಕೊಂಚ ಸರಿದು ಲಕೋಟೆ ಕಾಲಿನಡಿಯಿಂದ ಅರ್ಧ ಹೊರಬಂದಿದೆ, ಹರಿದ ಅಂಚಿನಲ್ಲಿ ಚೆಕ್ಕಿನ ‘60’ ಕಾಣುತ್ತಿದೆ. ಎ5 ಪುಟದಲ್ಲಿ ಆ ಲಕೋಟೆ 12 ಮಿ.ಮೀ. ಉದ್ದ ಇರಲಿ. ಅದಕ್ಕಿಂತ ದೊಡ್ಡದಾದರೆ ಬೊಟ್ಟು ಮಾಡಿ ತೋರಿಸಿದಂತೆ, ಚಿಕ್ಕದಾದರೆ ಅಂಕಿ ಓದಲಾಗುವುದಿಲ್ಲ. ತ್ರಿಕೋನದ ಮುದ್ರೆಯನ್ನು ಕಂಡವರು ಎರಡನೇ ಪುಟಕ್ಕೆ ಹಿಂತಿರುಗುತ್ತಾರೆ, ಅಲ್ಲಿಂದ ಆರನೆಯದಕ್ಕೆ ಹೋಗಿ 30ಕ್ಕೆ 60 ಕೂಡಿಸುತ್ತಾರೆ.